ಮೂರು ಸಹಿ ಹೆಚ್ಚು

ಮಾರ್ಚ್ 9

ಅಪ್ಪಾ,

ಕ್ಷೇಮ ಎಂದು ಬರೆದು ಹೊಡೆದುಹಾಕಿದ್ದೇನೆ, ಮೇಲೆ ಕಾಣುತ್ತಿರಬಹುದು. ಲೆಕ್ಕ ಹೊಂದಲಿಲ್ಲ.

ನಿಮ್ಮ ಕಿವಿ ಫೋನಿನ ಸಹವಾಸ ಬಿಟ್ಟು ನಾಲ್ಕು ವರ್ಷವಾಯಿತು, ಹಾಗಾಗಿ ಎಲ್ಲವನ್ನೂ ಬರೆದೇ ಹೇಳಬೇಕು. ನಿನ್ನೆ ಮತದಾನ. ಮೊದಲ ಸಲ ಮತಗಟ್ಟೆ ಅಧಿಕಾರಿಯಾದ ಈ ವಿಜ್ಞಾನದ ಟೀಚರಿಗೆ ಸಿಕ್ಕಿದ್ದು ನೀರು ಸರಬರಾಜು ಕಚೇರಿಯ ಹಿಂದಿನ ಕೋಣೆ. ಒಳಗೆ ಎರಡು ಮೇಜು. ಒಂದರಲ್ಲಿ ಬ್ಯಾಂಕಿನ ಕ್ಯಾಷಿಯರ್ ಕೂತು ರಿಜಿಸ್ಟರಿಗೆ ಸಹಿ ಹಾಕಿಸುತ್ತಿದ್ದ. ಇನ್ನೊಂದರಲ್ಲಿ ನಾನೇ ಕೂತು ಮತಪತ್ರ ಕೊಡುತ್ತಿದ್ದೆ, ಕೊಡಬೇಕಾದ ಗುಮಾಸ್ತ ಬೆಳಿಗ್ಗೆಯೇ ಜ್ವರ ಎಂದು ಕೈಕೊಟ್ಟಿದ್ದ.

ಸಂಜೆ ಬಾಗಿಲು ಹಾಕಿ ಎಣಿಸಿದೆವು. ನಮಗೆ ಬಂದ ಮತಪತ್ರ ಎಂಟುನೂರು. ಉಳಿದದ್ದು ನೂರ ಎಂಬತ್ತೊಂಬತ್ತು. ಅಂದರೆ ಜನರ ಕೈಗೆ ಹೋದದ್ದು ಆರುನೂರ ಹನ್ನೊಂದು. ರಿಜಿಸ್ಟರಿನಲ್ಲಿ ಸಹಿ ಮಾತ್ರ ಆರುನೂರ ಹದಿನಾಲ್ಕು. ಐದು ಸಲ ಎಣಿಸಿದರೂ ಮೂರು ಹೆಚ್ಚು.

"ಹೊಂದಿಸ್ಬಿಡಿ ಮೇಡಂ, ಹೊರಗೆ ವ್ಯಾನು ಹಾರನ್ ಹೊಡೀತಾ ಇದೆ" ಎಂದ ಕ್ಯಾಷಿಯರ್. ಹೇಗೆ ಹೊಂದಿಸುವುದೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಹೊಂದದಿದ್ದರೆ ಹೊಂದಲಿಲ್ಲ ಎಂದು ಬರೆಯಲು ಫಾರಂನಲ್ಲಿ ಜಾಗವೇ ಇಲ್ಲ. ಅಂಚಿನಲ್ಲಿ 'ಮೂರು ಸಹಿ ಹೆಚ್ಚು, ಕಾರಣ ತಿಳಿದಿಲ್ಲ' ಎಂದು ಬರೆದೆ. ಪೆಟ್ಟಿಗೆ ಒಪ್ಪಿಸುವ ಕೌಂಟರಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಆ ಅಂಚನ್ನು ಓದಿ, ನನ್ನ ಮುಖ ನೋಡಿ, ಪಕ್ಕಕ್ಕೆ ನಿಲ್ಲಿಸಿದರು. ಉಳಿದ ತಂಡಗಳೆಲ್ಲ ಮನೆಗೆ ಹೋದವು. ಕೊನೆಗೆ ಒಬ್ಬ ಹಿರಿಯರು, "ನೀವು ತಕ್ಕಡಿ ಮೇಷ್ಟ್ರ ಮಗಳಲ್ವಾ? ಅವರ ಲೆಕ್ಕ ಒಂದು ದಿನಾನೂ ತಪ್ಪಿದ್ದಿಲ್ಲ" ಅಂದರು.

ನಿಮ್ಮದು ಪ್ರತಿ ಸಲ ಹೇಗೆ ಹೊಂದುತ್ತಿತ್ತು ಅಪ್ಪಾ? ತಮಾಷೆಗೆ ಕೇಳುತ್ತಿಲ್ಲ.

ನಿಮ್ಮ ಪುಟ್ಟಿ


ಮಾರ್ಚ್ 12

ಪುಟ್ಟಿ,

ಮೂರು ಸಹಿಗೆ ಎರಡು ಹಾಳೆ ಪತ್ರ ಬರೆದಿದ್ದೀಯ. ಮೂವತ್ತು ಹೆಚ್ಚಾಗಿದ್ದರೆ ಅಂಚೆಯವನು ಗಾಡಿ ಕಟ್ಟಿಸಿಕೊಂಡು ಬರಬೇಕಿತ್ತು.

ಹನ್ನೊಂದು ಚುನಾವಣೆ ಮಾಡಿಸಿ, ಆಮೇಲೆ ಒಂಬತ್ತು ವರ್ಷ ತರಬೇತಿ ಕೊಟ್ಟವನು ನಾನು. ಚುನಾವಣಾ ಕಚೇರಿಯಲ್ಲಿ ಈಗ ಕುರ್ಚಿ ಮೇಲೆ ಕೂತ ಅರ್ಧ ಜನ ನನ್ನೆದುರು ಬೆಂಚಿನ ಮೇಲೆ ಕೂತವರು. ನೀನು ಕೇಳುವುದಕ್ಕೆ ಮೊದಲೇ ಹೇಳಬೇಕಿತ್ತು, ತಪ್ಪು ನನ್ನದು.

ಸಹಿ ಎಷ್ಟು ಹೆಚ್ಚೋ ಅಷ್ಟು ಮತಪತ್ರವನ್ನು ಉಳಿದ ಕಟ್ಟಿನಿಂದ ತೆಗೆದು ನಡುವೆ ಹರಿಯಬೇಕು. 'ಹಾಳಾಗಿ ಮರಳಿ ಬಂದದ್ದು' ಎಂಬ ಲಕೋಟೆ ಇರುತ್ತದಲ್ಲ, ಅದಕ್ಕೆ ಹಾಕಬೇಕು. ಆಗ ಉಳಿದದ್ದು ನೂರ ಎಂಬತ್ತಾರು, ಹಾಳಾದದ್ದು ಮೂರು, ಪೆಟ್ಟಿಗೆಯಲ್ಲಿ ಆರುನೂರ ಹನ್ನೊಂದು. ಕೂಡಿ ನೋಡು, ಎಂಟುನೂರು ಸರಿಯಾಗಿ ಬರುತ್ತದೆ. ಪೆಟ್ಟಿಗೆಯದೂ ಹಾಳಾದದ್ದೂ ಸೇರಿ ಆರುನೂರ ಹದಿನಾಲ್ಕು, ಸಹಿಗೂ ಸರಿ.

ನಿನ್ನ ಮುಖ ಸಿಂಡರಿಸಿದ್ದು ಇಲ್ಲಿಂದಲೇ ಕಾಣುತ್ತಿದೆ. ಇದು ಕಳ್ಳತನವಲ್ಲ. ಪೆಟ್ಟಿಗೆಯೊಳಗೆ ನಾನು ಒಂದು ಚೀಟಿ ಹಾಕಿದ್ದಿಲ್ಲ, ಒಂದು ತೆಗೆದದ್ದಿಲ್ಲ. ಯಾರೋ ಸಹಿ ಹಾಕಿ ಮನಸ್ಸು ಬದಲಾಯಿಸಿ ಹೋಗಿರುತ್ತಾರೆ. ಅಷ್ಟಕ್ಕೆ ಇಡೀ ತಂಡವನ್ನು ಕಟಕಟೆಗೆ ಹತ್ತಿಸುವುದೇ? ಹರಿಯುವುದು ಬರೀ ಕಾಗದ.

ಅಂಚಿನಲ್ಲಿ ಬರೆದದ್ದನ್ನು ಯಾರೂ ಎರಡನೇ ಸಲ ಓದುವುದಿಲ್ಲ. ನಿಶ್ಚಿಂತೆಯಿಂದ ಇರು. ಅಮ್ಮ ಪಕ್ಕದಲ್ಲೇ ಕೂತಿದ್ದಾಳೆ, ಇವತ್ತು ಯಾಕೋ ಮಾತು ಕಡಿಮೆ.

ಅಪ್ಪ


ಮಾರ್ಚ್ 15

ಅಪ್ಪಾ,

ಎಣಿಕೆ ಮುಗಿದಿದೆ. ಗೆದ್ದವರಿಗೂ ಸೋತವರಿಗೂ ಅಂತರ ಎರಡು ಮತ. ನನ್ನ ಅಂಚಿನಲ್ಲಿರುವುದು ಮೂರು. ಈಗ ಅದನ್ನು ಎಲ್ಲರೂ ಓದುತ್ತಿದ್ದಾರೆ.

ನಿನ್ನೆ ಸಾಹೇಬರು ಕರೆಸಿದ್ದರು. ಸಾಹೇಬರೆಂದರೆ ಈ ಕ್ಷೇತ್ರದ ಚುನಾವಣಾಧಿಕಾರಿ, ನಿಮ್ಮ ಬೆಂಚಿನಿಂದಲೇ ಮೇಲೆ ಬಂದವರು. ಮೇಜಿನ ಮೇಲೆ ನನ್ನ ಬೂತಿನ ಉಳಿದ ಮತಪತ್ರಗಳ ಕಟ್ಟು, ನಾನೇ ಹಾಕಿದ ಅರಗಿನ ಮುದ್ರೆ ಸಮೇತ.

"ಇದನ್ನ ನಿಮ್ಮ ಮುಂದೆಯೇ ಇನ್ನೊಂದ್ಸಲ ಎಣಿಸೋಣ ಟೀಚರೇ. ಅಡೀಲಿ ಮೂರು ಹರಿದಿರೋದು ಸಿಕ್ಕಿದ್ರೂ ಸಿಗಬಹುದು."

"ಹರಿದಿದ್ದು ಯಾವುದೂ ಇರಲಿಲ್ಲ ಸಾರ್."

"ಬಿಚ್ಚಿ ನೋಡೋಕೆ ಮುಂಚೆ ಹೇಗೆ ಹೇಳ್ತೀರಿ?" ಎಂದು ಅವರೇ ಮುದ್ರೆ ಒಡೆದರು. ದಾರ ಸಡಿಲಿಸಿ ಕಟ್ಟನ್ನು ನನ್ನ ಕಡೆಗೆ ಸರಿಸಿದರು. "ನಾನು ಕೈ ತೊಳ್ಕೊಂಡು ಬರ್ತೀನಿ" ಎಂದು ಎದ್ದು ಹೋದರು. ಬಾಗಿಲು ಹೊರಗಿನಿಂದ ಮುಚ್ಚಿಕೊಂಡಿತು.

ಹತ್ತು ನಿಮಿಷ ಅಪ್ಪಾ. ಕೋಣೆಯಲ್ಲಿ ನಾನು ಮತ್ತು ಆ ಕಟ್ಟು. ಮೇಲಿನ ಹಾಳೆ ಫ್ಯಾನಿನ ಗಾಳಿಗೆ ಏಳುತ್ತಿತ್ತು. ನಿಮ್ಮ ಪತ್ರ ಚೀಲದಲ್ಲೇ ಇತ್ತು, ಹೇಗೆ ಹರಿಯಬೇಕು ಎಂಬುದು ಬಾಯಿಪಾಠವಾಗಿತ್ತು. ಸುಳ್ಳು ಹೇಳುವುದಿಲ್ಲ, ಒಂದು ಸಲ ಕೈ ಚಾಚಿದೆ. ಆಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಬಂದವರು ಕಟ್ಟನ್ನು ನೋಡಿ, ನನ್ನನ್ನು ನೋಡಿ, "ನಿಮ್ಮ ತಂದೆ ಇದನ್ನ ಕಲಿಸ್ಲಿಲ್ವಾ?" ಅಂದರು. ಗದರಲಿಲ್ಲ. ನಿಜವಾಗಿಯೂ ಆಶ್ಚರ್ಯಪಟ್ಟ ಹಾಗಿತ್ತು. ಸೋತವರು ದೂರು ಕೊಟ್ಟಿದ್ದಾರೆ. ಏಪ್ರಿಲ್ 9ಕ್ಕೆ ವಿಚಾರಣೆ. ಅಷ್ಟರೊಳಗೆ ಹೊಸ ಫಾರಂ ಬರೆದುಕೊಡದಿದ್ದರೆ ಕರ್ತವ್ಯಲೋಪ ಎಂದು ಅಮಾನತು ಮಾಡುತ್ತಾರಂತೆ. ಶಾಲೆಯ ಕೆಲಸವೂ ಹೋಗಬಹುದು.

ಪುಟ್ಟಿ


ಮಾರ್ಚ್ 18

ಪುಟ್ಟಿ,

ನಿನ್ನ ಪತ್ರ ಓದಿದ ಮೇಲೆ ಊಟ ಸೇರಲಿಲ್ಲ. ಹಟ ಮಾಡುವ ಸಮಯವಲ್ಲ ಇದು. ಆ ಮನುಷ್ಯ ನಿನಗೆ ದಾರಿ ತೋರಿಸಿದ್ದಾನೆ, ನೀನು ಕೈ ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದೀಯ.

ನಾನೇ ಅವನಿಗೆ ಬರೆದಿದ್ದೇನೆ. 'ಹುಡುಗಿ ಹೊಸಬಳು, ಗಾಬರಿಯಲ್ಲಿ ಹರಿದ ಮೂರನ್ನು ಉಳಿದ ಕಟ್ಟಿಗೇ ಸೇರಿಸಿ ಎಣಿಸಿದ್ದಾಳೆ, ಮನೆಯಲ್ಲಿ ನನ್ನೊಂದಿಗೆ ಹಾಗೆಂದು ಒಪ್ಪಿಕೊಂಡಿದ್ದಾಳೆ' ಎಂದು. ನನ್ನ ಮಾತಿಗೆ ಅಲ್ಲಿ ಇನ್ನೂ ಬೆಲೆ ಇದೆ. ನೀನು ಹೋಗಿ ಹೂಂ ಎಂದರೆ ಸಾಕು. ಮಿಕ್ಕಿದ್ದು ಅವನು ನೋಡಿಕೊಳ್ಳುತ್ತಾನೆ.

ಬೈಯಬೇಕೆನಿಸಿದರೆ ಆಮೇಲೆ ಬೈಯಿ. ನಿನ್ನ ಕೆಲಸ ಉಳಿಯಲಿ.

ಅಪ್ಪ


ಮಾರ್ಚ್ 22

ಅಪ್ಪಾ,

ನಿಮ್ಮ ಪತ್ರವನ್ನು ಸಾಹೇಬರು ಕಡತಕ್ಕೆ ಸೇರಿಸಿದ್ದಾರೆ. ಮೇಲೆ ನಂಬರು ಬಿದ್ದಿದೆ. ನಾನು ಎಂದೂ ಹೇಳದ ಮಾತಿಗೆ ನೀವು ಸಹಿ ಹಾಕಿಕೊಟ್ಟಿರಿ. ಈಗ ನಾನು ಇಲ್ಲವೆಂದರೆ ಅಪ್ಪ ಸುಳ್ಳುಗಾರ, ಹೌದೆಂದರೆ ನಾನು. ನಿಮಗೆ ಎಷ್ಟು ಕೋಪದಿಂದ ಬರೆಯುತ್ತಿದ್ದೇನೆಂದರೆ ಪೆನ್ನು ಎರಡು ಕಡೆ ಕಾಗದ ತೂತು ಮಾಡಿದೆ.

ಇನ್ನೊಂದು ವಿಷಯ. ನಮ್ಮ ಶಾಲೆಯ ಯೂನಿಫಾರಂ ಹೊಲಿಯುವ ಟೈಲರ್ ಅಕ್ಕ ಮೊನ್ನೆ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಿದ್ದರು. ನನ್ನ ಕೆಲಸ ಹೋಗುತ್ತದೆ ಎಂದು ಯಾರೋ ಹೇಳಿದರಂತೆ.

"ಆ ಮೂರು ನಮ್ಮದೇ ಇರಬೇಕು ಮೇಡಂ. ನಾನು, ನಮ್ಮತ್ತೆ, ನಾದಿನಿ ಒಟ್ಟಿಗೆ ಬಂದಿದ್ವಿ. ಮೂರೂ ಜನ ಸಹಿ ಹಾಕಿದ್ವಿ. ಅಷ್ಟರಲ್ಲಿ ಅತ್ತೆಗೆ ಕಣ್ಣು ಕತ್ತಲೆ ಬಂತು. ಹೊರಗೆ ನಲ್ಲಿ ಹತ್ರ ಕೂರಿಸಿ, ಮುಖಕ್ಕೆ ನೀರು ಹಾಕ್ಕೊಂಡು ವಾಪಸ್ ಬಂದ್ರೆ ನಿಮ್ಮದು ಆಗಿದೆ, ಸಹಿ ಬಿದ್ದಿದೆ, ಹೋಗಿ ಅಂದ್ರು."

"ಯಾರು ಹಾಗಂದಿದ್ದು?"

"ನೀವೇ ಮೇಡಂ. ತಲೆ ಎತ್ತದೆ ಹೇಳಿದ್ರಿ. ಪಾಪ, ತುಂಬಾ ಜನ ಇದ್ರಲ್ಲ."

ನನಗೆ ನೆನಪೇ ಇಲ್ಲ ಅಪ್ಪಾ. ಅದಕ್ಕೇ ಹೆಚ್ಚು ನಾಚಿಕೆಯಾಗುತ್ತಿದೆ. ಅವರು ಮನಸ್ಸು ಬದಲಾಯಿಸಿ ಹೋದವರಲ್ಲ. ಮತ ಹಾಕಲು ಎರಡು ಸಲ ಬಂದವರು. ನೀವು ಹೇಳಿದ ಹಾಗೆ ಹರಿದಿದ್ದರೆ ಅವರು ಬಂದದ್ದೇ ಯಾರಿಗೂ ಗೊತ್ತಾಗುತ್ತಿರಲಿಲ್ಲ, ನನಗೂ.

ವಿಚಾರಣೆಯಲ್ಲಿ ಇದನ್ನೇ ಹೇಳುತ್ತೇನೆ. ಅಲ್ಲಿಯವರೆಗೆ ನೀವು ಯಾರಿಗೂ ಏನೂ ಬರೆಯಬೇಡಿ. ನನಗೂ ಬೇಡ.

ಪುಟ್ಟಿ


ಮಾರ್ಚ್ 29

ಪುಟ್ಟಿ,

ಅಮ್ಮ ಪತ್ರ ಬರೆದದ್ದು ಕಂಡು ಗಾಬರಿಯಾಗಬೇಡ, ಇಬ್ಬರೂ ಚೆನ್ನಾಗಿದ್ದೇವೆ. ನಿಮ್ಮಪ್ಪ ವಾರದಿಂದ ಬರೆಯಲು ಕೂರುವುದು, ಹರಿದು ಬುಟ್ಟಿಗೆ ಹಾಕುವುದು, ಇದೇ ಆಗಿದೆ.

ನಾನು ಇಪ್ಪತ್ತಾರು ವರ್ಷ ಸುಮ್ಮನಿದ್ದೆ. ನಿನ್ನ ಪತ್ರ ಓದಿದ ಮೇಲೆ ಇರಲಾಗಲಿಲ್ಲ. ಆಗಿನ ಚುನಾವಣೆಗೆ ಜನ ಸಾಲದೆ ನಿಮ್ಮಪ್ಪನಿಗೆ ನಮ್ಮ ಬೀದಿಯ ಬೂತನ್ನೇ ಕೊಟ್ಟಿದ್ದರು. ನಿನಗೆ ಎರಡು ವರ್ಷ, ನನ್ನ ಸೊಂಟದ ಮೇಲಿದ್ದೆ. ಸಹಿ ಹಾಕಿದೆ. ನೀನು ಕಿರುಚಲು ಶುರು ಮಾಡಿದೆ. ಅವರು ಕಣ್ಣಲ್ಲೇ 'ಹೊರಗೆ ಕರೆದುಕೊಂಡು ಹೋಗು' ಅಂದರು. ನಿನ್ನನ್ನು ಸಮಾಧಾನ ಮಾಡಿ ಬಂದಾಗ ಸಾಲು ಬಾಗಿಲ ತನಕ ಇತ್ತು. "ನಿಂದು ಆಯ್ತಲ್ಲ, ಮನೆಗೆ ಹೋಗು" ಅಂದರು. ಅಷ್ಟು ಜನರ ಮುಂದೆ ಗಂಡನ ಹತ್ತಿರ ಜಗಳ ಆಡುವುದು ಹೇಗೆ ಎಂದು ಬಂದುಬಿಟ್ಟೆ.

ಸಂಜೆ ಖುಷಿಯಾಗಿ ಬಂದರು. ಊಟಕ್ಕೆ ಕೂತು, "ಇವತ್ತು ಲೆಕ್ಕ ಎಷ್ಟು ಚೆನ್ನಾಗಿತ್ತು ಅಂದ್ರೆ ಒಂದೇ ಒಂದು ಹರಿದೆ" ಅಂದರು. ನಾನು ಬಡಿಸುತ್ತಾ ಇದ್ದೆ. ಅದು ನನ್ನದು ಎಂದು ಹೇಳಲಿಲ್ಲ.

ಮೊನ್ನೆ ಹೇಳಿದೆ. ಅವರ ಕಿವಿಗೆ ಹೋಗಲಿ ಎಂದು ಜೋರಾಗಿಯೇ ಹೇಳಿದೆ, ಪಕ್ಕದ ಮನೆಯವರಿಗೂ ತಿಳಿದಿರಬೇಕು. ಆಮೇಲೆ ಎಷ್ಟೋ ಸಲ ಮತ ಹಾಕಿದ್ದೇನೆ, ನನಗೇನೂ ಕೊರತೆಯಾಗಿಲ್ಲ. ಆದರೆ ಆ ವರ್ಷದ್ದು ಹೋಯಿತು. ತಮ್ಮ ಮೇಲೆ ಸಿಟ್ಟಿದೆಯೇ ಎಂದು ಕೇಳಿದರು. ಇದೆ ಅಂದೆ.

ನೀನು ಸರಿಯಾಗಿ ಊಟ ಮಾಡು.

ಅಮ್ಮ


ಏಪ್ರಿಲ್ 1

ಪುಟ್ಟಿ,

ಬರೆಯಬೇಡ ಅಂದಿದ್ದೆ. ಇದೊಂದನ್ನು ಓದು.

ಹಳೆಯ ಡೈರಿಗಳನ್ನೆಲ್ಲ ಕೆಳಗಿಳಿಸಿ ನೋಡಿದೆ. ಹನ್ನೊಂದು ಚುನಾವಣೆಯಲ್ಲಿ ನಾನು ಹರಿದದ್ದು ಮೂವತ್ತೇಳು. ಒಂದು ನಿಮ್ಮಮ್ಮನದು. ಮಿಕ್ಕ ಮೂವತ್ತಾರು ಯಾರದೆಂದು ಯಾವ ಡೈರಿಯಲ್ಲೂ ಇಲ್ಲ. ಕೂತು ನೆನಪು ಮಾಡಿಕೊಳ್ಳುತ್ತೇನೆ, ಒಂದು ಮುಖವೂ ಬರುವುದಿಲ್ಲ. ನನ್ನೆದುರು ತರಬೇತಿಗೆ ಕೂತವರು ಏಳುನೂರಕ್ಕೂ ಹೆಚ್ಚು. ಅವರಿಗೆಲ್ಲ ಇದನ್ನೇ ಕಲಿಸಿದೆ, ನಗಿಸುತ್ತಾ ಕಲಿಸಿದೆ. ಅದಕ್ಕೇ ತಕ್ಕಡಿ ಎಂದು ಹೆಸರಿಟ್ಟರು. ಆ ಹೆಸರು ನನಗೆ ಇಷ್ಟವಾಗಿತ್ತು ಪುಟ್ಟಿ, ಸುಳ್ಳೇಕೆ ಹೇಳಲಿ.

ಆ ದಿನಗಳಲ್ಲಿ ಯಾರಾದರೂ ಎದ್ದು ನಿಂತು, 'ಸಾರ್, ಆ ಸಹಿ ಹಾಕಿದವರು ಎಲ್ಲಿ ಹೋದರು?' ಎಂದು ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರುತ್ತಿರಲಿಲ್ಲ. ಯಾರೂ ಕೇಳಲಿಲ್ಲ. ನೀನು ಕೇಳಿದೆ.

ಒಂಬತ್ತರಂದು ನಾನು ಬರುತ್ತೇನೆ. ಸಾಹೇಬನಿಗೆ ಬರೆದ ಪತ್ರ ಸುಳ್ಳು ಎಂದು ನಾನೇ ಹೇಳಬೇಕು.

ಅಪ್ಪ


ಏಪ್ರಿಲ್ 4

ಅಪ್ಪಾ,

ಬರಬೇಡಿ.

ಬಂದರೆ ಎಲ್ಲರೂ ನಿಮ್ಮನ್ನೇ ನೋಡುತ್ತಾರೆ, ನಾನು ನಿಮ್ಮ ಬೆನ್ನ ಹಿಂದೆ ಅಡಗಿದ ಹಾಗಾಗುತ್ತದೆ. ಆ ಮೂವರನ್ನು ಕಳಿಸಿದ್ದು ನಾನು. ಸುಳ್ಳು ಪತ್ರದ ವಿಷಯ ನಾನೇ ಹೇಗಾದರೂ ಹೇಳಿಕೊಳ್ಳುತ್ತೇನೆ. ಈ ವಯಸ್ಸಿನಲ್ಲಿ ನಿಮ್ಮನ್ನು ಆ ಕೋಣೆಯ ನಡುವೆ ನಿಲ್ಲಿಸಿ ನೋಡುವ ಶಕ್ತಿ ನನಗಿಲ್ಲ.

ಕ್ಯಾಷಿಯರ್ ಹೊಸ ಫಾರಂಗೆ ಸಹಿ ಹಾಕಿಬಿಟ್ಟಿದ್ದಾನೆ. ಬೈಯಲು ಮನಸ್ಸು ಬರಲಿಲ್ಲ, ಅವನಿಗೂ ಕೆಲಸದ ಚಿಂತೆ. ಈಗ ಬಾಕಿ ಇರುವುದು ನನ್ನ ಸಹಿ ಮಾತ್ರ. ನನಗೆ ಭಯವಾಗಿದೆ ಅಪ್ಪಾ.

ಪುಟ್ಟಿ


ಏಪ್ರಿಲ್ 10

ಅಮ್ಮಾ,

ಅಪ್ಪ ಮನೆಗೆ ಬಂದು ಏನೂ ಹೇಳಿರಲಾರರು, ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಬೇಡವೆಂದರೂ ಬಂದರು. ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಡೈರಿಗಳು.

ಮುಖ್ಯ ಕಚೇರಿಯಿಂದ ಬಂದಿದ್ದ ವಿಚಾರಣಾಧಿಕಾರಿ ನಡುವಯಸ್ಸಿನ ಹೆಂಗಸು. ಮೊದಲು ನನ್ನನ್ನು ಕೇಳಿದರು. ಮೂವರನ್ನು ಕಳಿಸಿದ್ದು ನಾನೇ, ರಿಜಿಸ್ಟರಿನಲ್ಲಿ ಸಹಿ ಕಂಡು ಮತ ಆಗಿದೆ ಎಂದುಕೊಂಡೆ, ತಲೆ ಎತ್ತಿ ನೋಡಲಿಲ್ಲ ಎಂದೆ.

ಆಮೇಲೆ ಅಪ್ಪ ಎದ್ದರು. ಅವರಿಗೆ ಕೇಳಿಸುವುದಿಲ್ಲವೆಂದು ಒಬ್ಬ ಗುಮಾಸ್ತ ಪ್ರಶ್ನೆಗಳನ್ನು ಹಾಳೆಯ ಮೇಲೆ ಬರೆದು ತೋರಿಸುತ್ತಿದ್ದ. ಅಪ್ಪನ ಉತ್ತರ ಗೊತ್ತಲ್ಲ, ಮೂರು ಕೋಣೆಗೆ ಕೇಳುವಷ್ಟು ಗಟ್ಟಿ. "ಮಗಳು ನನ್ನ ಹತ್ರ ಏನೂ ಒಪ್ಕೊಂಡಿಲ್ಲ. ಅದು ನಾನು ಹುಟ್ಟಿಸಿದ ಸುಳ್ಳು" ಎಂದರು. ತಾವು ಎಷ್ಟು ಹರಿದದ್ದು ಎಂದು ಕೇಳಿದಾಗ "ಮೂವತ್ತೇಳು" ಎಂದರು. ಕಾರಿಡಾರಿನಲ್ಲಿ ನಿಂತವರೆಲ್ಲ ಬಾಗಿಲಿಗೆ ಬಂದರು.

"ಮೇಷ್ಟ್ರಿಗೆ ವಯಸ್ಸಾಯ್ತು, ನೆನಪು ಹಿಂದೆ ಮುಂದೆ ಆಗಿರಬೇಕು" ಎಂದರು ಸಾಹೇಬರು. ಗುಮಾಸ್ತ ಅದನ್ನೂ ಬರೆದು ತೋರಿಸಿಬಿಟ್ಟ. ಅಪ್ಪ ಓದಿ, ಕನ್ನಡಕ ಸರಿಮಾಡಿಕೊಂಡು, "ನೀವು ಮೂರನೇ ಬೆಂಚಲ್ಲಿ ಕಿಟಕಿ ಪಕ್ಕ ಕೂತಿದ್ರಿ. ಅಡ್ಡ ಹರೀಬೇಕಾ ಉದ್ದ ಹರೀಬೇಕಾ ಅಂತ ಕೇಳಿದ್ದು ನೀವೇ" ಅಂದರು. ಯಾರೂ ನಗಲಿಲ್ಲ.

ತೀರ್ಪು ಸಂಜೆಯೇ ಬಂತು. ನನ್ನ ಬೂತಿಗೆ ಮಾತ್ರ ಮರುಮತದಾನ. ನನಗೆ ಮೂರು ತಿಂಗಳ ಅಮಾನತು, ಚುನಾವಣೆ ಕೆಲಸದಿಂದ ಶಾಶ್ವತವಾಗಿ ಹೊರಗೆ. ಶಾಲೆ ಉಳಿಯಿತು. ಲೆಕ್ಕ ಹೊಂದದಿದ್ದರೆ ವ್ಯತ್ಯಾಸವನ್ನೂ ಕಾರಣವನ್ನೂ ಬರೆಯಲು ಫಾರಂನಲ್ಲಿ ಜಾಗ ಬೇಕು, ಬರೆದವರನ್ನು ಶಿಕ್ಷಿಸಬಾರದು ಎಂದು ನಾನು ಬರೆದುಕೊಟ್ಟೆ. "ಒಳ್ಳೇ ಮಾತು. ಆದ್ರೆ ಅದು ಕ್ಷೇತ್ರದ ಅಧಿಕಾರಿ ಕಡೆಯಿಂದಲೇ ಮೇಲಕ್ಕೆ ಬರಬೇಕು" ಎಂದರು ಆ ಹೆಂಗಸು. ಅಂದರೆ ಸಾಹೇಬರ ಕಡೆಯಿಂದ. ನನ್ನ ಹಾಳೆಯನ್ನು ಸಾಹೇಬರು ಮಡಿಸಿ ತಮ್ಮ ಡ್ರಾಯರಿಗೆ ಹಾಕಿಕೊಂಡರು.

ಬಸ್ ನಿಲ್ದಾಣದ ತನಕ ಡೈರಿಗಳನ್ನು ನಾನು ಹಿಡಿದುಕೊಂಡೆ. ಬಸ್ಸು ಹತ್ತುವಾಗ ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟರು.

ಪುಟ್ಟಿ


ಮೇ 5

ಅಪ್ಪಾ,

ಮೂರು ದಿನದ ಹಿಂದೆ ಮರುಮತದಾನವಾಯಿತು. ನನಗೆ ಒಳಗೆ ಹೋಗುವ ಹಾಗಿಲ್ಲ, ರಸ್ತೆಯ ಆಚೆ ಮರದ ಕೆಳಗೆ ನಿಂತಿದ್ದೆ. ಟೈಲರ್ ಅಕ್ಕನೂ ನಾದಿನಿಯೂ ಬಂದರು. ಅತ್ತೆ ಬರಲಿಲ್ಲ. ಕಾಲು ಊದಿ ಹಾಸಿಗೆ ಹಿಡಿದಿದ್ದಾರಂತೆ. "ನಾನು ಹೋದ ಸಲವೇ ಹೋಗಿ ಬಂದಿದ್ದೀನಲ್ಲ ಅಂತಾರೆ ಮೇಡಂ" ಎಂದರು ಅಕ್ಕ.

ಮೊದಲು ಗೆದ್ದವರೇ ಮತ್ತೆ ಗೆದ್ದರು, ಈ ಸಲ ಹತ್ತೊಂಬತ್ತು ಮತಗಳಿಂದ. ಇಷ್ಟಕ್ಕಾಗಿ ಇಷ್ಟೆಲ್ಲ ಮಾಡಿದೆಯಾ ಎಂದು ದಾರಿಯಲ್ಲಿ ಸಿಕ್ಕ ಸಹೋದ್ಯೋಗಿಗಳು ಕೇಳುತ್ತಾರೆ. ನಾನೂ ರಾತ್ರಿ ಮಲಗಿದಾಗ ಕೇಳಿಕೊಳ್ಳುತ್ತೇನೆ. ಡ್ರಾಯರಿನಲ್ಲಿರುವ ಹಾಳೆಯ ಸುದ್ದಿ ಏನೂ ಇಲ್ಲ. ಮುಂದಿನ ಸಲಕ್ಕೂ ಅದೇ ಫಾರಂ ಅಚ್ಚಿಗೆ ಹೋಗುತ್ತದಂತೆ.

ಪುಟ್ಟಿ


ಮೇ 26

ಪುಟ್ಟಿ,

ವಿಚಾರಣೆಯ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಬಂದ ಮೇಲೆ ನನಗೆ ಬೀದಿಯಲ್ಲಿ ಬರುವ ನಮಸ್ಕಾರಗಳು ಕಡಿಮೆಯಾಗಿವೆ. ಕ್ಷೌರದ ಅಂಗಡಿಯವನು ಮಾತ್ರ ಮೊದಲಿನಂತೆ ಅರ್ಧ ಗಂಟೆ ಮಾತಾಡುತ್ತಾನೆ. ನನಗೆ ಕೇಳಿಸುವುದಿಲ್ಲ ಎಂಬುದು ಅವನಿಗಿನ್ನೂ ಗೊತ್ತಾಗಿಲ್ಲ.

ಮೂರು ವಾರದ ಹಿಂದೆ ಒಂದು ಕಾರ್ಡು ಬಂತು. ಹೆಸರಿಲ್ಲ, ಊರಿಲ್ಲ. 'ಎರಡು' ಎಂದಷ್ಟೇ ಇತ್ತು. ಯಾರೋ ಕೀಟಲೆ ಮಾಡಿದ್ದಾರೆ ಎಂದುಕೊಂಡೆ. ಮಾರನೇ ದಿನ ಇನ್ನೊಂದು: 'ಮೂರು ಚುನಾವಣೆ, ಒಟ್ಟು ಒಂಬತ್ತು.' ಆಗ ತಿಳಿಯಿತು, ನನ್ನ ಬೆಂಚಿನವರು ತಾವು ಹರಿದದ್ದರ ಲೆಕ್ಕ ಕಳಿಸುತ್ತಿದ್ದಾರೆ. ಆಮೇಲೆ ದಿನಾ ಬರತೊಡಗಿದವು. ಒಬ್ಬರು ಬರೆದಿದ್ದಾರೆ, 'ಐದು. ಅದರಲ್ಲಿ ಒಬ್ಬಳು ಬಸುರಿ, ಕೂರಲು ಹೋಗಿ ಬಂದವಳು, ಮುಖ ಈಗಲೂ ಕಣ್ಣಿಗೆ ಕಟ್ಟಿದೆ.' ಅವರಿಗೆ ನನಗಿಂತ ಒಳ್ಳೆಯ ನೆನಪಿದೆ. ಇಲ್ಲಿಯತನಕ ಅರವತ್ತೊಂದು ಪತ್ರ. ನಿಮ್ಮಮ್ಮ ಒಂದೊಂದಾಗಿ ಓದಿ ಪಟ್ಟಿಗೆ ಬರೆಯುತ್ತಾಳೆ, ನಾನು ಕೂಡುತ್ತೇನೆ. ನಿನ್ನೆಗೆ ಇನ್ನೂರ ಹದಿನಾಲ್ಕಾಗಿತ್ತು, ನನ್ನದು ಬಿಟ್ಟು.

ಇವತ್ತು ಅರವತ್ತೆರಡನೆಯದು ಬಂತು. ಬಿಳಿ ಲಕೋಟೆ, ಒಳಗೆ ಒಂದೇ ಪದ, 'ನಾಲ್ಕು'. ತರಬೇತಿಯಲ್ಲಿ ಆರು ದಿನ ಅವನ ಉತ್ತರ ಪತ್ರಿಕೆ ತಿದ್ದಿದವನು ನಾನು. ಪೆನ್ನನ್ನು ಒತ್ತಿ ಬರೆದು, ಕೊನೆಯ ಅಕ್ಷರವನ್ನು ಗೆರೆಯಿಂದ ಕೆಳಕ್ಕೆ ಎಳೆಯುವ ಆ ಕೈ ನನಗೆ ಗೊತ್ತು. ಆದರೂ ನೀನು ಕಳಿಸಿದ್ದ ಅಮಾನತಿನ ಆದೇಶ ತೆಗೆದು, ಅದರ ಕೆಳಗೆ ನಿನ್ನ ಸಾಹೇಬ ಕೈಯಲ್ಲಿ ಬರೆದ ಸಾಲಿನ ಪಕ್ಕ ಇಟ್ಟು ನೋಡಿದೆವು. ಎರಡೂ ಒಂದೇ.

"ಯಾರಿಗೂ ಹೇಳ್ಬೇಡಿ, ಬರೆಯೋಕೆ ಅವನಿಗೆ ಎಷ್ಟು ಕಷ್ಟ ಆಗಿರತ್ತೋ" ಅಂದಳು ನಿಮ್ಮಮ್ಮ. ನಿನಗೊಬ್ಬಳಿಗೆ ಹೇಳಿದ್ದೇನೆ. ಹೆಸರಿಲ್ಲದೆ ಬಂದದ್ದನ್ನು ಹೆಸರಿಲ್ಲದೆಯೇ ಪಟ್ಟಿಗೆ ಸೇರಿಸಿದೆ.

ಮಧ್ಯಾಹ್ನ ಪಟ್ಟಿಯನ್ನು ಶುದ್ಧಪ್ರತಿ ಮಾಡಿ, ಮೇಲೆ ನನ್ನ ಮೂವತ್ತೇಳು ಬರೆದು ಸಹಿ ಹಾಕಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ವಿಳಾಸ ಅವನದೇ. ಹೊಸ ಫಾರಂ ಬೇಕೆಂದು ಮೇಲಿನವರಿಗೆ ಬರೆಯಬೇಕಾದವನು ಅವನೊಬ್ಬನೇ. ಓದಿಕೊಂಡು ಹೋದರೆ ಕೊನೆಯ ಸಾಲಿನಲ್ಲಿ ನಾಲ್ಕು ಸಿಗುತ್ತದೆ.

ಅಪ್ಪ